ಜಿನನಾಥಪುರ : ಒಂದು ಕಿರುಗ್ರಾಮದ ನೆಲ, ನೀರು ಮತ್ತು ಮನೆಗಳ ಚರಿತ್ರೆ

ನಮ್ಮ ನಾಡಿನ ಚರಿತ್ರೆಯನ್ನು ಬರೆದ ವಿದ್ವಾಂಸರು ಬಹುಮಟ್ಟಿಗೆ ರಾಜಧಾನಿಗಳ ಚರಿತ್ರೆಯನ್ನೇ ಬರೆದಿದ್ದಾರೆ. ತಲಕಾಡು, ದ್ವಾರಸಮುದ್ರ, ಕಲ್ಯಾಣ, ವಿಜಯನಗರಗಳ ವೈಭವವನ್ನು ಕುರಿತು ಓದದ ಕನ್ನಡಿಗನಿಲ್ಲ. ಆದರೆ ಆ ರಾಜಧಾನಿಗಳ ಕಣಜಕ್ಕೆ ಧಾನ್ಯವನ್ನು ಒದಗಿಸಿದ, ದಂಡಿಗೆ ಆಳುಗಳನ್ನು ಕಳುಹಿಸಿದ, ಜಿನಾಲಯಗಳ ನಂದಾದೀಪಕ್ಕೆ ಎಣ್ಣೆಯೆರೆದ ಸಣ್ಣ ಸಣ್ಣ ಊರುಗಳ ವಿಷಯ ಗ್ರಂಥಗಳಲ್ಲಿ ಒಂದೆರಡು ಸಾಲುಗಳಿಗೆ ಮುಗಿದುಹೋಗುತ್ತದೆ. ರಾಜಧಾನಿಗಳು ಹಾಳಾದ ಮೇಲೂ ಇಂತಹ ಊರುಗಳಲ್ಲಿ ಅನೇಕವು ಉಳಿದುಕೊಂಡು ಬಂದಿವೆಯೆಂಬುದನ್ನು ಗಮನಿಸಿದಾಗ, ಅವುಗಳ ನೆಲವೆಂತಹದು, ಅಲ್ಲಿ ನೆಲೆಸಿದವರು ಯಾರು, ಯಾವುದರ ಬಲದಿಂದ ಅವು ಬಾಳಿದವು ಎಂಬ ಜಿಜ್ಞಾಸೆ ಸಹಜವಾಗಿಯೇ ಹುಟ್ಟುತ್ತದೆ.

ಹೊಸದಾಗಿ ಜಿನಬಿಂಬವು ಪ್ರತಿಷ್ಠಾಪಿತವಾಗುವ ಮಂಗಲಸಂದರ್ಭದಲ್ಲಿ ಈ ಜಿಜ್ಞಾಸೆ ಅಪ್ರಸ್ತುತವಲ್ಲವೆಂದು ಭಾವಿಸುತ್ತೇನೆ. ಬಸದಿಯನ್ನು ಕಟ್ಟುವುದು ಒಂದು ಪುಣ್ಯಕಾರ್ಯ. ಅದರ ಸುತ್ತ ಊರೊಂದನ್ನು ನಿಲ್ಲಿಸುವುದು ಅದಕ್ಕಿಂತಲೂ ಕಠಿಣವಾದ ಕಾರ್ಯ. ಈ ಎರಡನ್ನೂ ಏಕಕಾಲದಲ್ಲಿ ಸಾಧಿಸಿದ ಹಿರಿಯರು ನಮ್ಮಲ್ಲಿ ಆಗಿಹೋಗಿದ್ದಾರೆ. ಅವರು ನೆಲೆಗೊಳಿಸಿದ ಊರುಗಳಲ್ಲಿ ಶ್ರವಣಬೆಳಗೊಳದ ನೆರಳಿನಲ್ಲಿರುವ ಜಿನನಾಥಪುರವೂ ಒಂದು. ಆ ಕಿರುಗ್ರಾಮವನ್ನೇ ನಿದರ್ಶನವಾಗಿಟ್ಟುಕೊಂಡು ಕೆಲವು ಸಂಗತಿಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನೆಲದ ಸ್ವರೂಪ

ಜಿನನಾಥಪುರವು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಊರು. ಶ್ರವಣಬೆಳಗೊಳದಿಂದ ಉತ್ತರಕ್ಕೆ ಸುಮಾರು ಒಂದು ಮೈಲಿ ದೂರದಲ್ಲಿದೆ. ಬೆಳಗೊಳವು ಎರಡು ಬೆಟ್ಟಗಳ ನಡುವೆ ಇರುವ ಊರೆಂಬುದನ್ನು ಎಲ್ಲರೂ ಬಲ್ಲರು. ದಕ್ಷಿಣಕ್ಕೆ ದೊಡ್ಡಬೆಟ್ಟವೆನಿಸಿದ ವಿಂಧ್ಯಗಿರಿ. ಉತ್ತರಕ್ಕೆ ಚಿಕ್ಕಬೆಟ್ಟವೆನಿಸಿದ ಚಂದ್ರಗಿರಿ. ಈ ಚಿಕ್ಕಬೆಟ್ಟದ ಉತ್ತರದ ಮಗ್ಗುಲಿನಲ್ಲಿ ಜಿನನಾಥಪುರವು ನೆಲೆಸಿದೆ. ಬೆಳಗೊಳದ ಬೀದಿಯಲ್ಲಿ ನಿಂತ ಯಾತ್ರಿಕನಿಗೆ ಚಿಕ್ಕಬೆಟ್ಟವೇ ಮರೆಯಾಗುವುದರಿಂದ, ದೊಡ್ಡಬೆಟ್ಟವನ್ನು ಹತ್ತಿ ದರ್ಶನ ಮುಗಿಸಿ ಹಿಂದಿರುಗುವ ಎಷ್ಟೋ ಜನರಿಗೆ ಬೆಟ್ಟದಾಚೆ ಇಂತಹದೊಂದು ಊರಿದೆಯೆಂಬ ಅರಿವೇ ಇರುವುದಿಲ್ಲ.

ವಿಂಧ್ಯಗಿರಿಯು ಸಮುದ್ರಮಟ್ಟದಿಂದ 3,347 ಅಡಿ ಎತ್ತರವಿದ್ದು, ಕೆಳಗಿನ ಬಯಲಿನಿಂದ ಸುಮಾರು 470 ಅಡಿ ಮೇಲೆದ್ದಿದೆ. ಚಂದ್ರಗಿರಿಯ ಎತ್ತರ 3,052 ಅಡಿ; ಬಯಲಿನಿಂದ ಸುಮಾರು 175 ಅಡಿ. ಎರಡು ಲೆಕ್ಕಗಳನ್ನೂ ಕಳೆದು ನೋಡಿದರೆ ಬಯಲಿನ ಎತ್ತರ 2,877 ಅಡಿಗಳೆಂದು ಒಂದೇ ಉತ್ತರ ಬರುತ್ತದೆ. ಮೈಸೂರು ಪ್ರಸ್ಥಭೂಮಿಯ ಮೈದಾನದ ಸೀಮೆಗಳಿಗೆ ಸಹಜವಾದ ಎತ್ತರವಿದು. ಜಿಲ್ಲೆಯ ಪಶ್ಚಿಮದಲ್ಲಿರುವ ಸಕಲೇಶಪುರವು ಮಲೆನಾಡು. ಅಲ್ಲಿ ಸುರಿಯುವ ಮಳೆಯ ಒಂದು ಸಣ್ಣ ಭಾಗ ಮಾತ್ರವೇ ಪೂರ್ವದ ಈ ಸೀಮೆಗೆ ದಕ್ಕುತ್ತದೆ. ಬೆಣಚುಕಲ್ಲಿನ ಹಾಸುಬಂಡೆಗಳು, ಅವುಗಳ ನಡುವೆ ಕೆಂಪುಮಣ್ಣಿನ ಹೊಲಗಳು, ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ಗದ್ದೆ, ದಿಣ್ಣೆಯಲ್ಲಿ ರಾಗಿ ಮತ್ತು ಹುರುಳಿ, ನೀರಿನ ಆಸರೆಯಿದ್ದಲ್ಲಿ ತೆಂಗು ಇವು ಈ ಪ್ರದೇಶದ ಲಕ್ಷಣಗಳು.

ಇಂತಹ ನೆಲದಲ್ಲಿ ನದಿಯ ಆಸರೆಯಿಲ್ಲದೆ ಊರು ಕಟ್ಟುವವನು ಮೊದಲು ನೀರಿನ ಯೋಚನೆ ಮಾಡಬೇಕಾಗುತ್ತದೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಹರಿದುಹೋಗುತ್ತದೆ. ಹರಿಯುವ ನೀರಿಗೆ ಅಡ್ಡಲಾಗಿ ಏರಿ ಹಾಕಿ, ತೂಬು ಇಟ್ಟು, ಹೆಚ್ಚಾದ ನೀರಿಗೆ ಕೋಡಿ ಬಿಟ್ಟರೆ ಕೆರೆಯಾಗುತ್ತದೆ. ಬಂಡೆಗಳಿರುವುದು ಕಟ್ಟುವವನಿಗೆ ಒಂದು ರೀತಿಯಲ್ಲಿ ಅನುಕೂಲವೇ ಸರಿ. ಬೆಳಗೊಳವೆಂಬ ಹೆಸರೇ ಬಿಳಿಯ ಕೊಳವೆಂಬ ಅರ್ಥದಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಬೆಟ್ಟಕ್ಕಿಂತ ಮೊದಲು ಕೊಳವೇ ಊರಿಗೆ ಹೆಸರನ್ನು ಕೊಟ್ಟಿತೆಂಬುದು ಗಮನಾರ್ಹವಾದ ಸಂಗತಿ. ಗಂಗರಾಜನ ಅಣ್ಣನ ಪತ್ನಿಯಾದ ಜಕ್ಕಿಮವ್ವೆಯು ಬೆಳಗೊಳದಲ್ಲಿ ಕಟ್ಟಿಸಿದ ಕೆರೆಯು ಜಕ್ಕಿಕಟ್ಟೆಯೆಂದು ಇಂದಿಗೂ ಹೆಸರಾಗಿದೆ. ಅವಳೇ ಸಮೀಪದ ಸಾಣೇಹಳ್ಳಿಯಲ್ಲಿ ಬಸದಿಯನ್ನೂ ಕಟ್ಟಿಸಿದಳು. ಕೆರೆ ಮತ್ತು ಬಸದಿ ಎರಡನ್ನೂ ಒಬ್ಬರೇ ಕಟ್ಟಿಸುತ್ತಿದ್ದುದು ಆ ಕಾಲದ ಧರ್ಮಬುದ್ಧಿಯ ಜೊತೆಗೆ ವ್ಯವಹಾರಬುದ್ಧಿಯನ್ನೂ ತೋರಿಸುತ್ತದೆ. ನೀರಿಲ್ಲದ ಕಡೆ ಅಭಿಷೇಕವೂ ಇಲ್ಲ, ಅನ್ನವೂ ಇಲ್ಲ.

ಊರಿನ ಸ್ಥಾಪನೆ

ಜಿನನಾಥಪುರವನ್ನು ಸ್ಥಾಪಿಸಿದವನು ಹೊಯ್ಸಳ ವಿಷ್ಣುವರ್ಧನನ ಮಹಾದಂಡನಾಯಕನಾದ ಗಂಗರಾಜ. ಕಾಲ ಕ್ರಿ.ಶ. 1117ರ ಸುಮಾರು. ಅದರ ಹಿಂದಿನ ವರ್ಷವಷ್ಟೇ ತಲಕಾಡು ಚೋಳರ ಕೈಯಿಂದ ಬಿಡುಗಡೆಯಾಗಿ ಹೊಯ್ಸಳರ ವಶವಾಗಿತ್ತು. ಆ ವಿಜಯದಲ್ಲಿ ಗಂಗರಾಜನದೇ ಮುಖ್ಯ ಪಾತ್ರ. ಯುದ್ಧದಲ್ಲಿ ಗೆದ್ದ ಸೇನಾನಿಗೆ ಒಡೆಯನು ಮೆಚ್ಚಿ ಬೇಕಾದ್ದನ್ನು ಕೇಳೆಂದಾಗ, ಅವನು ಹೊನ್ನನ್ನಾಗಲಿ ಅಧಿಕಾರವನ್ನಾಗಲಿ ಬೇಡದೆ ಪರಮ ಎಂಬ ಗ್ರಾಮವನ್ನು ಬೇಡಿ, ಅದನ್ನು ತನ್ನ ತಾಯಿಯೂ ಪತ್ನಿಯೂ ಮಾಡಿಸಿದ ಜಿನಾಲಯಗಳಿಗೆ ದತ್ತಿಯಾಗಿ ಬಿಟ್ಟನೆಂದು ಚಂದ್ರಗಿರಿಯ ಶಾಸನವು ಸಾರುತ್ತದೆ. ತಾಯಿ ಪೋಚವ್ವೆಗಾಗಿ ಅವನು ಮಾಡಿಸಿದ ಕತ್ತಲೆ ಬಸದಿ, ಪತ್ನಿ ಲಕ್ಷ್ಮಿಯು ಮಾಡಿಸಿದ ಎರಡುಕಟ್ಟೆ ಬಸದಿ, ಅವನೇ ಮಾಡಿಸಿದ ಶಾಸನ ಬಸದಿ ಇವೆಲ್ಲವೂ 1117–18ರ ಆಸುಪಾಸಿನ ರಚನೆಗಳು. ವಿಂಧ್ಯಗಿರಿಯಲ್ಲಿ ಗೊಮ್ಮಟಮೂರ್ತಿಯ ಸುತ್ತಲಿನ ಸುತ್ತಾಲಯವೂ ಅವನದೇ ಕೊಡುಗೆ.

ಬೆಟ್ಟದ ಮೇಲೆ ಇಷ್ಟೊಂದು ಬಸದಿಗಳೆದ್ದ ಕಾಲದಲ್ಲಿಯೇ ಬೆಟ್ಟದ ಬುಡದಲ್ಲಿ ಜಿನನಾಥಪುರವೂ ಹುಟ್ಟಿತೆಂಬುದನ್ನು ಯೋಚಿಸಬೇಕು. ಬೆಟ್ಟದ ಮೇಲೆ ಯಾರೂ ಸಂಸಾರ ಮಾಡಲಾರರು. ನಿತ್ಯಪೂಜೆ ಮಾಡುವವರು, ಹೂವು ಕಟ್ಟುವವರು, ಎಣ್ಣೆ ತೆಗೆಯುವವರು, ಕಲ್ಲು ಕೆತ್ತುವವರು, ಗದ್ದೆ ಉಳುವವರು, ಕಾವಲು ಕಾಯುವವರು ಇವರೆಲ್ಲರಿಗೂ ಮನೆಯೆಂಬುದು ಬೇಕು. ಊರ ಹೆಸರಿನ ಕೊನೆಯಲ್ಲಿರುವ 'ಪುರ'ವೆಂಬ ಶಬ್ದವೇ ಇದನ್ನು ಸೂಚಿಸುತ್ತದೆ. ಹಳ್ಳಿ, ಕೊಪ್ಪಲುಗಳು ಬೇಸಾಯಗಾರರು ತಾವಾಗಿಯೇ ಬಂದು ನೆಲೆಸಿ ಬೆಳೆಸಿದ ಊರುಗಳು. ಪುರವೆಂದರೆ ಸಾಮಾನ್ಯವಾಗಿ ಒಬ್ಬ ಕರ್ತೃವು ನೆಲವನ್ನು ಗೊತ್ತುಮಾಡಿ, ಹೆಸರಿಟ್ಟು, ಜನರನ್ನು ಕರೆತಂದು ಕೂರಿಸಿದ ಊರು. ಗಂಗರಾಜನು ತನ್ನ ಹೆಸರನ್ನಾಗಲಿ ತನ್ನೊಡೆಯನ ಹೆಸರನ್ನಾಗಲಿ ಇಡದೆ ಜಿನನಾಥನ ಹೆಸರನ್ನೇ ಆ ಊರಿಗಿಟ್ಟನು. ಹೊಯ್ಸಳರ ಸಾಮ್ರಾಜ್ಯ ಅಳಿದು ಆರುನೂರಕ್ಕೂ ಹೆಚ್ಚು ವರ್ಷಗಳಾದರೂ ಆ ಹೆಸರು ಬದಲಾಗಿಲ್ಲ.

ಊರಿನ ಬಸದಿಗಳು

ಊರಿನ ಪೂರ್ವಕ್ಕಿರುವ ಅರೆಗಲ್ಲು ಬಸದಿಯು ಹೆಚ್ಚು ಪ್ರಾಚೀನವಾದುದು. ಹಾಸುಬಂಡೆಯ ಮೇಲೆಯೇ ಕಟ್ಟಲ್ಪಟ್ಟಿರುವುದರಿಂದ ಅದಕ್ಕೆ ಆ ಹೆಸರು. ನೆಲದ ಸ್ವರೂಪವೇ ಜಿನಾಲಯದ ಹೆಸರಾದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ವಿರಳ. ಎರಡನೆಯದು ಶಾಂತಿನಾಥ ಬಸದಿ. ಕ್ರಿ.ಶ. 1200ರ ಸುಮಾರಿನಲ್ಲಿ ಇದನ್ನು ಮಾಡಿಸಿದವನು ವಸುಧೈಕಬಾಂಧವನೆಂಬ ಬಿರುದು ಪಡೆದಿದ್ದ ರೇಚಿಮಯ್ಯ. ಅವನು ಕಲಚುರಿ ಅರಸರಲ್ಲಿ ಮಂತ್ರಿಯಾಗಿದ್ದು, ಅನಂತರ ಹೊಯ್ಸಳ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದವನು. ಬಸದಿಯನ್ನು ಪ್ರತಿಷ್ಠೆ ಮಾಡಿಸಿ ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನೆಂದು ಮೂರ್ತಿಯ ಪೀಠದ ಶಾಸನದಿಂದ ತಿಳಿದುಬರುತ್ತದೆ.

ಬೆಳಗೊಳದ ಪರಿಸರದ ಬಸದಿಗಳ ಹೊರಗೋಡೆಗಳು ಸಾಮಾನ್ಯವಾಗಿ ಸರಳವಾದುವು. ಶಾಂತಿನಾಥ ಬಸದಿಯೊಂದು ಮಾತ್ರ ಇದಕ್ಕೆ ಅಪವಾದ. ಇದರ ಹೊರಭಿತ್ತಿಯ ತುಂಬ ತೀರ್ಥಂಕರರು, ಯಕ್ಷಯಕ್ಷಿಯರು, ಸರಸ್ವತಿ, ಮನ್ಮಥ, ನರ್ತಕಿಯರು, ವಾದ್ಯಗಾರರು ಸಾಲುಸಾಲಾಗಿ ಮೂಡಿನಿಂತಿದ್ದಾರೆ. ಒಳಗೆ ನವರಂಗದ ಕಂಬಗಳ ನುಣುಪೂ ಮಣಿಕೆಲಸವೂ, ಒಂಬತ್ತು ಭುವನೇಶ್ವರಿಗಳ ಕುಸುರಿಯೂ ಹಳೇಬೀಡಿನ ಶಿಲ್ಪಿಗಳ ಕೈಚಳಕವನ್ನು ನೆನಪಿಗೆ ತರುತ್ತವೆ. ಮೂಲನಾಯಕ ಶಾಂತಿನಾಥಸ್ವಾಮಿಯ ಮೂರ್ತಿಯು ಪ್ರಭಾವಳಿಯೂ ಸೇರಿ ಸುಮಾರು ಐದೂವರೆ ಅಡಿ ಎತ್ತರವಿದೆ. ಇಂತಹ ಬಸದಿಯನ್ನು ರಾಜಧಾನಿಯಲ್ಲಿ ಕಟ್ಟಿಸದೆ ಈ ಕಿರುಗ್ರಾಮದಲ್ಲಿ ಕಟ್ಟಿಸಿದನೆಂದರೆ, ಆ ವೇಳೆಗೆ ಅದನ್ನು ನೋಡಿಕೊಳ್ಳಬಲ್ಲಷ್ಟು ಜನ ಇಲ್ಲಿದ್ದರೆಂದೇ ತಿಳಿಯಬೇಕಾಗುತ್ತದೆ. ಊರ ಹೊರಗೆ ಶಿಲಾಕೂಟವೆಂದು ಕರೆಯಲ್ಪಡುವ ಕಲ್ಲಿನ ಸಮಾಧಿಮಂಟಪವಿದೆ. ಅದರ ಶಾಸನದ ಕಾಲ 1213.

ಶಾಸನಗಳಲ್ಲಿ ಜನಸಂಖ್ಯೆ

ಅಂದಿನ ಜಿನನಾಥಪುರದಲ್ಲಿ ಎಷ್ಟು ಜನರಿದ್ದರೆಂದು ತಲೆಯೆಣಿಸಿ ಬರೆದ ಶಾಸನವಿಲ್ಲ. ಆ ಕಾಲದವರು ಜನರನ್ನು ಎಣಿಸುತ್ತಿರಲಿಲ್ಲ, ನೆಲವನ್ನು ಎಣಿಸುತ್ತಿದ್ದರು. ಗದ್ದೆ ಇಷ್ಟು ಸಲಗೆ, ಬೆದ್ದಲು ಇಷ್ಟು ಕೊಳಗವೆಂದು, ಬಿತ್ತುವ ಬೀಜದ ಅಳತೆಯಿಂದ ನೆಲವನ್ನು ಹೇಳುವುದು ರೂಢಿಯಾಗಿತ್ತು. ಆದರೂ ಶಾಸನಗಳನ್ನು ಲಕ್ಷ್ಯವಿಟ್ಟು ಓದಿದರೆ ಜನರ ಸುಳಿವು ಸಿಕ್ಕುತ್ತದೆ. ಶ್ರವಣಬೆಳಗೊಳ ಪರಿಸರದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಮೊದಲಿಗೆ ಪ್ರಕಟಿಸಿದಾಗ 144 ಇದ್ದವು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಹೊರತಂದ ಆವೃತ್ತಿಯಲ್ಲಿ 573ಕ್ಕೇರಿದವು. ಇವುಗಳಲ್ಲಿ ಚಿಕ್ಕಬೆಟ್ಟದವು 271, ದೊಡ್ಡಬೆಟ್ಟದವು 172, ಊರಿನವು 80, ಸುತ್ತಮುತ್ತಲಿನ ಗ್ರಾಮಗಳವು 50. ಈ ಕೊನೆಯ ಐವತ್ತು ಶಾಸನಗಳೇ ನಮ್ಮ ಕಿರುಗ್ರಾಮಗಳ ಬಾಯಿ.

1275ರ ಸುಮಾರಿನ ಕೆಲವು ಶಾಸನಗಳಲ್ಲಿ, ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಭಕ್ತರು ಗದ್ಯಾಣಗಳನ್ನು ಇಡುಗಂಟಾಗಿಟ್ಟು, ಅದರ ಬಡ್ಡಿಯಿಂದ ದಿನಕ್ಕಿಷ್ಟು ಮಾನ ಹಾಲು ಸಲ್ಲಬೇಕೆಂದು ಗೊತ್ತುಪಡಿಸಿರುವುದು ಕಂಡುಬರುತ್ತದೆ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಸೇವೆ ನಡೆಸುವ ಈ ಪದ್ಧತಿಯು ಇಂದಿನ ಬ್ಯಾಂಕಿನ ನಿರಖು ಠೇವಣಿಯ ಪೂರ್ವರೂಪವೆಂದರೂ ಸಲ್ಲುತ್ತದೆ. ನಿತ್ಯವೂ ಹಾಲು ಸಲ್ಲಬೇಕಾದರೆ ಹತ್ತಿರದಲ್ಲಿ ಹಸುಗಳಿರಬೇಕು, ಹಸುಗಳಿಗೆ ಹುಲ್ಲುಗಾವಲಿರಬೇಕು, ಗೋವಳರ ಮನೆಗಳಿರಬೇಕು. ಹೂಮಾಲೆಯೆಂದರೆ ತೋಟ, ತೋಟವೆಂದರೆ ಬಾವಿ, ಬಾವಿಯೆಂದರೆ ಏತ ಹಿಡಿಯುವ ಆಳು. ಹೀಗೆ ಒಂದು ಮಾನ ಹಾಲಿನ ಹಿಂದೆ ಒಂದು ಕೇರಿಯೇ ನಿಂತಿರುತ್ತದೆ.

ಇನ್ನೊಂದು ಸಂಗತಿಯು ವರ್ತಕವೃತ್ತಿಯವರಿಗೆ ವಿಶೇಷ ಸಂತೋಷವನ್ನುಂಟುಮಾಡತಕ್ಕದ್ದು. ಹದಿಮೂರನೆಯ ಶತಮಾನದ ಕೊನೆಯ ಭಾಗದ ಶಾಸನವೊಂದರಲ್ಲಿ, ಬೆಳಗೊಳ ಮತ್ತು ಜಿನನಾಥಪುರಗಳ ಮಾಣಿಕ್ಯ ವ್ಯಾಪಾರಿಗಳೆಲ್ಲರೂ ಒಂದಾಗಿ ಸೇರಿ, ನಗರ ಜಿನಾಲಯದ ಜೀರ್ಣೋದ್ಧಾರಕ್ಕಾಗಿ ತಮ್ಮ ಆದಾಯದಲ್ಲಿ ಪಾಲು ಕೊಡುವುದಾಗಿ ಒಪ್ಪಿ ಬರೆಸಿದ್ದಾರೆ. ಬೆಟ್ಟದಾಚೆಯ ಸಣ್ಣ ಊರಿನಲ್ಲಿ ರತ್ನಪಡಿ ವ್ಯಾಪಾರ ನಡೆಸುವವರಿದ್ದರು; ಅವರು ಬೆಳಗೊಳದ ವರ್ತಕರಿಗೆ ಸಮಾನರಾಗಿ ಕುಳಿತು ಒಡಂಬಡಿಕೆ ಮಾಡಿಕೊಳ್ಳಬಲ್ಲವರಾಗಿದ್ದರು. ಜಿನನಾಥಪುರವು ಒಂದು ಕಾಲಕ್ಕೆ ಕೇವಲ ಪೂಜಾರಿಗಳ ಹಾಗೂ ಬೇಸಾಯಗಾರರ ಊರಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಬಾಗಿಲಿಗೊಂದು ಹಣ

ಮನೆಗಳನ್ನು ಎಣಿಸುವ ಮಾತು ಸ್ಪಷ್ಟವಾಗಿ ಬರುವುದು 1368ರ ವಿಜಯನಗರದ ಬುಕ್ಕರಾಯನ ಪ್ರಸಿದ್ಧ ಶಾಸನದಲ್ಲಿ. ಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಈ ಶಾಸನವನ್ನು ಜೈನರಿಗೂ ಶ್ರೀವೈಷ್ಣವರಿಗೂ ಆದ ಸಂಧಾನದ ದಾಖಲೆಯೆಂದು ಎಲ್ಲರೂ ಕೊಂಡಾಡುತ್ತಾರೆ. ಅದು ಯೋಗ್ಯವೂ ಹೌದು. ಆದರೆ ಅದರ ಎರಡನೆಯ ಭಾಗವು ಅಷ್ಟೇ ಮುಖ್ಯವಾದುದು. ರಾಜ್ಯದಲ್ಲಿರುವ ಜೈನರ ಒಪ್ಪಿಗೆಯ ಮೇರೆಗೆ, ಅವರ ಮನೆಗಳಿಂದ ಬಾಗಿಲಿಗೆ ವರ್ಷಕ್ಕೊಂದು ಹಣದಂತೆ ತಿರುಮಲೆಯ ತಾತಯ್ಯನು ವಸೂಲು ಮಾಡಬೇಕು. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಜನ ಆಳುಗಳನ್ನು ಇಡಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂಬುದು ಅಲ್ಲಿನ ಕಟ್ಟಳೆ. ವಸೂಲಿಯ ಹೊಣೆಯನ್ನು ಹೊತ್ತವನು ವೈಷ್ಣವನೆಂಬುದು ಆ ಕಾಲದ ಹಿರಿಯರ ಔದಾರ್ಯಕ್ಕೆ ಸಾಕ್ಷಿ.

ಈ ಕಟ್ಟಳೆಯ ಲೆಕ್ಕಾಚಾರವನ್ನು ಪರಿಶೀಲಿಸಬೇಕು. ಇಲ್ಲಿ ಆದಾಯದ ಮೂಲವು ಒಬ್ಬ ಅರಸನ ಭಂಡಾರವಲ್ಲ, ಒಬ್ಬ ಸಿರಿವಂತನ ಪೆಟ್ಟಿಗೆಯಲ್ಲ. ಸಾವಿರಾರು ಸಾಮಾನ್ಯ ಮನೆಗಳ ಬಾಗಿಲು. ಒಂದು ಬಾಗಿಲು ಮುಚ್ಚಿದರೆ ಒಂದು ಹಣ ಕಡಮೆ. ಒಂದು ಕೇರಿಯೇ ಖಾಲಿಯಾದರೆ ಕಾವಲಿನ ಆಳು ಒಬ್ಬ ಕಡಮೆ. ಸುಣ್ಣವಿಲ್ಲದ ಬಸದಿಯ ಮಾಳಿಗೆ ಸೋರುತ್ತದೆ, ಬಿರುಕಿನಲ್ಲಿ ಅರಳಿಯ ಬೀಜ ಬೇರೂರುತ್ತದೆ. ಬಸದಿಯ ಆಯುಷ್ಯವು ಮನೆಗಳ ಸಂಖ್ಯೆಯನ್ನು ಅವಲಂಬಿಸಿದೆಯೆಂಬ ಸತ್ಯವನ್ನು 1368ರಲ್ಲಿಯೇ ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ.

ಏಳುಬೀಳುಗಳು

ಅನಂತರದ ಶತಮಾನಗಳಲ್ಲಿ ಊರಿನ ಸ್ಥಿತಿ ಒಂದೇ ಸಮನಾಗಿರಲಿಲ್ಲ. ಶಾಂತಿನಾಥ ಬಸದಿಯ ನವರಂಗದ ಕಂಬವೊಂದರ ಮೇಲಿನ ಬರಹದಿಂದ ಬಸದಿಯು 1632ರಲ್ಲಿ ಜೀರ್ಣೋದ್ಧಾರವಾಯಿತೆಂದು ತಿಳಿಯುತ್ತದೆ. ಕಟ್ಟಿದ ನಾನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಅದನ್ನು ನೋಡಿ ಮರುಗಿ ಕೈಯಿಂದ ಹಣ ಹಾಕಿದ ಶ್ರಾವಕನೊಬ್ಬನಿದ್ದನು. ಅದಾದ ಎರಡು ವರ್ಷಕ್ಕೆ, 1634ರಲ್ಲಿ, ಮೈಸೂರಿನ ಚಾಮರಾಜ ಒಡೆಯರ ಶಾಸನ ಬರುತ್ತದೆ. ಬೆಳಗೊಳದ ಸ್ಥಾನಿಕರು ದೇವರ ದತ್ತಿಭೂಮಿಗಳನ್ನು ವರ್ತಕರಲ್ಲಿ ಅಡವಿಟ್ಟು ಬಹುಕಾಲವಾಗಿತ್ತು. ಒಡೆಯರು ಅಡವು ಹಿಡಿದವರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದಾಗ, ಆ ವರ್ತಕರು ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಸಾಲವನ್ನೇ ಬಿಟ್ಟುಕೊಟ್ಟು ಭೂಮಿಯನ್ನು ಹಿಂದಿರುಗಿಸಿದರು. ಇನ್ನು ಮುಂದೆ ಅಂತಹ ಭೂಮಿಯನ್ನು ಅಡವಿಡುವುದೂ ಹಿಡಿಯುವುದೂ ಕೂಡದೆಂದು ಕಟ್ಟುಮಾಡಲಾಯಿತು. ಭೂಮಿಯು ಅಡವಿಗೆ ಹೋಗುವುದೆಂದರೆ ಊರಿನ ಆದಾಯ ಕುಂದಿತ್ತು, ಮನೆಗಳು ಬಡವಾಗಿದ್ದವು ಎಂದೇ ಅರ್ಥ.

ಮೈಸೂರು ಸೀಮೆಯ ಜನಸಂಖ್ಯೆಗೆ ಬಿದ್ದ ದೊಡ್ಡ ಪೆಟ್ಟು ಧಾತು ಮತ್ತು ಈಶ್ವರ ಸಂವತ್ಸರಗಳ ಬರ. 1871ರಲ್ಲಿ ಮೈಸೂರು ಸಂಸ್ಥಾನದ ಮೊದಲ ಜನಗಣತಿ ನಡೆದಾಗ 50,55,412 ಜನರಿದ್ದರು. 1876ರಿಂದ 1878ರವರೆಗಿನ ಬರ ಕಳೆದು 1881ರಲ್ಲಿ ಮತ್ತೆ ಎಣಿಸಿದಾಗ ಉಳಿದವರು 41,86,188. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆ 8,69,224ರಷ್ಟು ಇಳಿದಿತ್ತು; ಎಂದರೆ ಆರು ಜನರಲ್ಲಿ ಒಬ್ಬರಿಲ್ಲ. ಕೆರೆಯನ್ನೇ ನಂಬಿದ ಮೈದಾನದ ಊರುಗಳಿಗೆ ಎರಡು ವರ್ಷ ಮಳೆ ತಪ್ಪಿದರೆ ಒದಗುವ ಗತಿಯಿದು. ಇಂತಹ ದುಃಸ್ಥಿತಿ ಕಳೆದು ಹನ್ನೊಂದು ವರ್ಷಕ್ಕೆ, 1889ರಲ್ಲಿ, ಅರೆಗಲ್ಲು ಬಸದಿಯಲ್ಲಿ ಭಿನ್ನವಾಗಿದ್ದ ಹಳೆಯ ಪಾರ್ಶ್ವನಾಥಮೂರ್ತಿಯ ಸ್ಥಾನಕ್ಕೆ ಬೆಳಗೊಳದ ಶ್ರಾವಕರೊಬ್ಬರು ಹೊಸ ಬಿಂಬವನ್ನು ಪ್ರತಿಷ್ಠೆ ಮಾಡಿಸಿದರು. ಮನುಷ್ಯನು ತನ್ನ ಮನೆಯನ್ನು ಸರಿಪಡಿಸಿಕೊಂಡ ಕೂಡಲೇ ದೇವರ ಮನೆಯನ್ನು ನೆನೆಯುತ್ತಾನೆಂಬುದಕ್ಕೆ ಇದು ಉದಾಹರಣೆ.

ಮನೆಗಳು ಉಳಿಯದಿದ್ದರೆ ಏನಾಗುತ್ತದೆಂಬುದನ್ನು ತಿಳಿಯಲು ಗೇರುಸೊಪ್ಪೆಯತ್ತ ದೃಷ್ಟಿ ಹಾಯಿಸಬಹುದು. ಕಾಳುಮೆಣಸಿನ ವ್ಯಾಪಾರದಿಂದ ಸಮುದ್ರದಾಚೆಗೂ ಹೆಸರಾಗಿದ್ದ ರಾಣಿ ಚೆನ್ನಭೈರಾದೇವಿಯ ನಗರವದು. ಶರಾವತಿಯ ದಡದಲ್ಲಿ ನೀರಿಗೆ ಕೊರತೆಯಿಲ್ಲ, ನೆಲಕ್ಕೆ ಕೊರತೆಯಿಲ್ಲ. ಆದರೂ ರಾಜ್ಯ ಹೋದ ಮೇಲೆ ಜನ ಹೋದರು. ಜನ ಹೋದ ಮೇಲೆ ಕಾಡು ಬಂದಿತು. ಇಂದು ನಗರಬಸ್ತಿಕೇರಿಯೆಂಬ ಸಣ್ಣ ವಸತಿಯ ಬಳಿ ಚತುರ್ಮುಖ ಬಸದಿಯು ಮರಗಳ ನಡುವೆ ನಿಂತಿದೆ. ಜಿನನಾಥಪುರದಿಂದ ಕೆಲವೇ ಮೈಲಿಗಳಾಚೆಯಿರುವ ಹಳೇಬೆಳಗೊಳದಲ್ಲಿಯೂ ಹೊಯ್ಸಳ ಶೈಲಿಯ ಬಸದಿಯೊಂದು ಹಾಳುಬಿದ್ದಿರುವುದನ್ನು ನರಸಿಂಹಾಚಾರ್ಯರು ದಾಖಲಿಸಿದ್ದಾರೆ.

ಇಂದಿನ ಲೆಕ್ಕ

ಸರ್ಕಾರದ ಲೆಕ್ಕದಲ್ಲಿ ಗ್ರಾಮವೆಂದರೆ ಗೊತ್ತಾದ ಎಲ್ಲೆಯುಳ್ಳ ಕಂದಾಯ ಗ್ರಾಮ. ಹಳೆಯ ಮೈಸೂರಿನ ಕಡತಗಳಲ್ಲಿ ಅಸಲಿ ಗ್ರಾಮ ಮತ್ತು ದಾಖಲೆ ಗ್ರಾಮವೆಂಬ ಭೇದವಿತ್ತು. ಮುಖ್ಯ ಊರು ಅಸಲಿ, ಅದಕ್ಕೆ ಸೇರಿದ ಕೊಪ್ಪಲು ಮಜರೆಗಳು ದಾಖಲೆ. ಜನವಸತಿಯೇ ಇಲ್ಲದೆ ಎಲ್ಲೆ ಮಾತ್ರ ಉಳಿದ ಊರನ್ನು ಬೇಚರಾಕ್ ಗ್ರಾಮವೆಂದು ಕರೆಯುತ್ತಾರೆ. 2001ರ ಜನಗಣತಿಯ ಪ್ರಕಾರ ಕರ್ನಾಟಕದ 29,406 ಗ್ರಾಮಗಳಲ್ಲಿ 1,925 ಇಂತಹ ನಿರ್ಜನ ಗ್ರಾಮಗಳಿದ್ದವು. ಹೆಸರಿದೆ, ನಕ್ಷೆಯಿದೆ, ಸರ್ವೆ ನಂಬರಿದೆ. ದೀಪ ಹಚ್ಚುವ ಮನೆಯಿಲ್ಲ.

ಹಾಸನ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17,21,669 ಇದ್ದುದು 2011ರಲ್ಲಿ 17,76,421 ಆಯಿತು. ಹತ್ತು ವರ್ಷಗಳಲ್ಲಿ ಬೆಳೆದುದು ಶೇಕಡ 3.18 ಮಾತ್ರ. ಅದೇ ಅವಧಿಯಲ್ಲಿ ಕರ್ನಾಟಕದ ಒಟ್ಟು ಬೆಳವಣಿಗೆ ಶೇಕಡ 15.6. ಸಂತಾನ ಕಡಮೆಯಾದುದು ಇದಕ್ಕೆ ಒಂದು ಕಾರಣವಾದರೆ, ಬೆಂಗಳೂರಿನಂತಹ ನಗರಗಳಿಗೆ ಜನ ಹೊರಟುಹೋದುದು ಇನ್ನೊಂದು. 1979ರಲ್ಲಿ ಗೊರೂರಿನ ಹೇಮಾವತಿ ಜಲಾಶಯವು ಮುಗಿದು ಕಾಲುವೆಗಳು ಹರಿದ ಮೇಲೂ, 2017ರಲ್ಲಿ ಶ್ರವಣಬೆಳಗೊಳದ ಮಾರ್ಗವಾಗಿ ಬೆಂಗಳೂರು–ಹಾಸನ ರೈಲು ಓಡಿದ ಮೇಲೂ ಊರು ಬಿಡುವವರ ಸಂಖ್ಯೆ ಕಡಮೆಯಾಗಲಿಲ್ಲ. ರೈಲು ಜನರನ್ನು ಕರೆತರುವಂತೆಯೇ ಕರೆದೊಯ್ಯುವುದೂ ಉಂಟು.

ಜೈನ ಸಮಾಜದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2011ರ ಜನಗಣತಿಯಲ್ಲಿ ಭಾರತದ ಜೈನರ ಸಂಖ್ಯೆ 44,51,753; ಕರ್ನಾಟಕದಲ್ಲಿ 4,40,280. ದೇಶದ ಜೈನರಲ್ಲಿ ಗ್ರಾಮವಾಸಿಗಳು 9,04,809 ಮಾತ್ರ, ನಗರವಾಸಿಗಳು 35,46,944. ಎಂದರೆ ಐದು ಮನೆಗಳಲ್ಲಿ ನಾಲ್ಕು ಪಟ್ಟಣ ಸೇರಿವೆ. ಸಮಸ್ತ ಭಾರತೀಯರಲ್ಲಿ ಪಟ್ಟಣವಾಸಿಗಳು ಮೂವರಲ್ಲಿ ಒಬ್ಬರಿಗಿಂತಲೂ ಕಡಮೆಯಿದ್ದಾಗಿನ ಮಾತಿದು. 2001ರಲ್ಲಿ ಜೈನರ ಸಾಕ್ಷರತೆ ಶೇಕಡ 94.1 ಇದ್ದು ಎಲ್ಲ ಧರ್ಮೀಯರಿಗಿಂತ ಮುಂದಿತ್ತು. ವಿದ್ಯೆ ಬಂದಿತು, ಉದ್ಯೋಗ ಬಂದಿತು. ಅವುಗಳ ಹಿಂದೆಯೇ ಮನೆಗೆ ಬೀಗವೂ ಬಂದಿತು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜೈನ ಸ್ತ್ರೀಯೊಬ್ಬರಿಗೆ ಮಕ್ಕಳ ಸರಾಸರಿ 1.2, ಅನಂತರದ ಸಮೀಕ್ಷೆಯಲ್ಲಿ 1.6. ತಲೆಮಾರು ತಲೆಮಾರಿಗೆ ಸಂಖ್ಯೆ ಕುಗ್ಗದಿರಬೇಕಾದರೆ 2.1 ಇರಬೇಕೆಂದು ತಜ್ಞರು ಹೇಳುತ್ತಾರೆ. ಈ ಅಂಕಿಗಳನ್ನು ನೋಡಿದಾಗ ಗ್ರಾಮಾಂತರದ ಬಸದಿಗಳಲ್ಲಿ ಮುಂದಿನ ತಲೆಮಾರಿನಲ್ಲಿ ನಿತ್ಯಪೂಜೆ ಮಾಡುವವರು ಯಾರೆಂಬ ಪ್ರಶ್ನೆ ಏಳದೆ ಇರಲಾರದು.

ಪಟ್ಟಣಕ್ಕೆ ಹೋದವರನ್ನು ದೂರುವುದು ನ್ಯಾಯವಲ್ಲ. ರೇಚಿಮಯ್ಯನೂ ಕಲಚುರಿಗಳ ನಾಡನ್ನು ಬಿಟ್ಟು ಬಂದವನೇ. ವರ್ತಕನಾದವನು ಸರಕು ಮಾರಾಟವಾಗುವ ಕಡೆಗೆ ಹೋಗಲೇಬೇಕು. ಆದರೆ ಜಿನನಾಥಪುರದ ಮಾಣಿಕ್ಯ ವ್ಯಾಪಾರಿಗಳು ಎಲ್ಲಿ ವ್ಯಾಪಾರ ಮಾಡಿದರೂ ಜಿನಾಲಯದ ಪಾಲನ್ನು ತೆಗೆದಿಟ್ಟರೆಂಬುದನ್ನು ಮರೆಯಬಾರದು. ಹಾಗೆಯೇ, ಊರಿನಲ್ಲಿ ಉಳಿದಿರುವ ಅನ್ಯಸಮಾಜದ ಬಂಧುಗಳನ್ನೂ ಮರೆಯಬಾರದು. ಬಸದಿಯ ಮುಂದೆ ರಾಗಿ ಒಕ್ಕುವವನು, ಜಗಲಿಯಲ್ಲಿ ಆಡುವ ಮಗು, ಬೀಗದ ಕೈ ಎಲ್ಲಿದೆಯೆಂದು ಯಾತ್ರಿಕನಿಗೆ ತೋರಿಸುವ ಮುದುಕಿ ಇವರೆಲ್ಲರೂ ಬಸದಿಯ ಕಾವಲುಗಾರರೇ. ಶಾಂತಿನಾಥ ಬಸದಿಯು ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. ಇಲಾಖೆಯು ಕಲ್ಲನ್ನು ಕಾಪಾಡಬಲ್ಲದು. ನೆರೆಹೊರೆಯ ಅಕ್ಕರೆಯನ್ನು ಯಾವ ಇಲಾಖೆಯೂ ನೇಮಿಸಲಾರದು.

ಮಾಡಬಹುದಾದ ಕಾರ್ಯ

ಪ್ರತಿಷ್ಠಾಮಹೋತ್ಸವ ಮುಗಿದು ಚಪ್ಪರ ಇಳಿದ ಮೇಲೆ ಪ್ರತಿಯೊಂದು ಬಸದಿಯ ಸಮಿತಿಯವರೂ ಒಂದು ಸಣ್ಣ ಕೆಲಸವನ್ನು ಕೈಗೊಳ್ಳಬಹುದು. ಅದಕ್ಕೆ ಹೆಚ್ಚು ಹಣ ಬೇಕಿಲ್ಲ. ಒಂದು ದಪ್ಪನೆಯ ಲೆಕ್ಕದ ಪುಸ್ತಕ ಸಾಕು. ಮೊದಲ ಭಾಗದಲ್ಲಿ ಊರಿನ ಎಲ್ಲೆ, ಕೆರೆ, ಬಾವಿ, ಹಳ್ಳ, ಹಳೆಯ ದಾರಿಗಳು, ಕಲ್ಲುಬರಹಗಳಿರುವ ಸ್ಥಳಗಳನ್ನು ಗುರುತಿಸಬೇಕು. ಎರಡನೆಯ ಭಾಗದಲ್ಲಿ ಬಸದಿಯ ಸುತ್ತಲಿನ ಸಮಸ್ತ ಮನೆಗಳನ್ನೂ, ಯಾವ ಸಮಾಜದವರೆಂಬ ಭೇದವಿಲ್ಲದೆ, ಬಾಗಿಲೆಣಿಸಿ ಬರೆಯಬೇಕು. ಬೀಗ ಹಾಕಿದ ಮನೆಗಳನ್ನು ಬೇರೆಯಾಗಿ ತೋರಿಸಬೇಕು. ಮೂರನೆಯ ಭಾಗದಲ್ಲಿ ಊರು ಬಿಟ್ಟು ಹೋದ ಕುಟುಂಬಗಳು ಈಗ ಯಾವ ಪಟ್ಟಣದಲ್ಲಿವೆಯೆಂಬುದನ್ನು ದಾಖಲಿಸಬೇಕು. ಐದು ವರ್ಷಗಳಿಗೊಮ್ಮೆ ಇದನ್ನು ತಿದ್ದಿ ಬರೆದರೆ, ಊರು ಬೆಳೆಯುತ್ತಿದೆಯೇ ಕರಗುತ್ತಿದೆಯೇ ಎಂಬುದು ಯಾರಿಗೂ ಹೇಳಬೇಕಾಗಿಲ್ಲದೆ ತಾನಾಗಿಯೇ ಕಾಣುತ್ತದೆ. ವ್ಯಾಪಾರದಲ್ಲಿ ಖಾತೆ ಬರೆಯದವನು ನಷ್ಟವನ್ನು ಅರಿಯುವುದು ಅಂಗಡಿ ಮುಚ್ಚಿದ ಮೇಲೆ. ಊರಿನ ವಿಷಯವೂ ಹಾಗೆಯೇ.

2021ರಲ್ಲಿ ನಡೆಯದೆ ಉಳಿದ ಜನಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿ ಕೇಂದ್ರ ಸರ್ಕಾರವು 2025ರಲ್ಲಿ ಗೊತ್ತುಪಡಿಸಿತು. ಗಣತಿಯವರು ಕೇಳಿದಾಗ ಪ್ರತಿಯೊಬ್ಬರೂ ತಮ್ಮ ವಿವರಗಳನ್ನು ಸರಿಯಾಗಿ ಬರೆಸುವುದು ಕರ್ತವ್ಯ. ಹಿಂದಿನವರು ಬಾಗಿಲಿಗೊಂದು ಹಣ ಕೊಟ್ಟರು. ನಾವು ಬಾಗಿಲಿಗೊಂದು ಸತ್ಯವಾದ ಉತ್ತರವನ್ನಾದರೂ ಕೊಡೋಣ.

ವಿಂಧ್ಯಗಿರಿಯ ಗೊಮ್ಮಟೇಶ್ವರನು ಉತ್ತರಾಭಿಮುಖನಾಗಿ ನಿಂತಿದ್ದಾನೆ. ಅವನ ಮುಖವಿರುವ ದಿಕ್ಕಿನಲ್ಲಿಯೇ, ಚಿಕ್ಕಬೆಟ್ಟದಾಚೆ, ಜಿನನಾಥಪುರವಿದೆ. ಒಂಬತ್ತು ಶತಮಾನಗಳ ಹಿಂದೆ ದಂಡನಾಯಕನೊಬ್ಬನು ಕತ್ತಿಯನ್ನು ಬದಿಗಿಟ್ಟು ನೆಟ್ಟ ಊರು ಬರಗಾಲವನ್ನೂ ಬಡತನವನ್ನೂ ದಾಟಿ ಉಳಿದುಬಂದಿದೆ. ನೂತನವಾಗಿ ಪ್ರತಿಷ್ಠಿತವಾಗುವ ಜಿನಬಿಂಬಗಳ ಸುತ್ತಲೂ ಹಾಗೆಯೇ ಕೆರೆ ತುಂಬಿ, ಹೊಲ ಹಸುರಾಗಿ, ಸಂಜೆಯ ಹೊತ್ತಿಗೆ ಒಂದೊಂದು ಮನೆಯಲ್ಲಿಯೂ ದೀಪ ಬೆಳಗಲೆಂದು ಹಾರೈಸಿ ಈ ಕಿರುಲೇಖನವನ್ನು ಮುಗಿಸುತ್ತೇನೆ.